ಸಸಿ ಬದುಕಿದ್ರ ಸಾಲದು, ಬೆಳೀಬೇಕು



ಮುಂಗಾರು ಬಂತಂದ್ರ ನಮ್ಮ ಕುಪ್ಪೇಲೂರು ಕಡೆ ಹೆಬ್ಬೇವಿನ ಮಾತು ಶುರು. ಸತ್ತ ಸಸಿ ಜಾಗಕ್ಕ ಹೊಸಾ ಸಸಿ ಹಚ್ಚತಾರ. ಅದೇ ವರ್ಷ ಹಚ್ಚಿದ್ರ ಬರೋಬರಿ. ಆದ್ರ ಮೂರು ವರ್ಷದ ಮರಗಳ ನಡುವ ಮೊಳಕಾಲುದ್ದ ಸಸಿ ಇಡೂದು ನಷ್ಟದ ಕೆಲಸ ಅಂತ ನನ್ನ ಅಭಿಪ್ರಾಯ.

ಹೆಬ್ಬೇವು ಬಿಸಿಲಿನ ಮರ. ಎಲಿ ಬಿಸಿಲಿನಾಗ ಅಡಗಿ ಮಾಡಿ ಕಾಂಡಕ್ಕ, ಬೇರಿಗೆ ಹಂಚತೈತಿ. ನೆರಳಿನಾಗ ಅಡಗಿ ಕಮ್ಮಿ. ಇದ್ದಷ್ಟನ್ನ ಸಸಿ ಬೆಳಕು ಹುಡುಕಾಕ ಖರ್ಚು ಮಾಡತೈತಿ. ಕಾಂಡ ಕಡ್ಡಿ ಹಂಗ ಉದ್ದ ಆಗತೈತಿ, ಎಲಿ ತೆಳ್ಳಗ ಆಗತಾವು, ಬೇರಿಗೆ ಪಾಲು ಸಿಗೂದಿಲ್ಲ. ಬೇರು ಆಳಕ್ಕ ಇಳೀದಿದ್ರ ಬ್ಯಾಸಗಿ ತಡಕೊಳ್ಳೂದು ಹೆಂಗ? ಅದರಾಗ ದೊಡ್ಡ ಮರದ ಬೇರು ತೇವಾನೂ ಮೊದಲ ಹೀರಿರತೈತಿ. "ನೀರು ಬಿಟ್ಟೆ, ಗೊಬ್ಬರ ಕೊಟ್ಟೆ, ಸಸಿ ಏಳವಲ್ದು" ಅಂತಾರ. ಗೊಬ್ಬರ ಬಿಸಿಲಿನ ಕೆಲಸ ಮಾಡೂದಿಲ್ರಿ.

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಐತಿ. ಬದುಕಿದ ಸಸಿ ಎಣಿಸಿ ಮೂರು ವರ್ಷ ರೊಕ್ಕ ಕೊಡತಾರ. ಒಳ್ಳೇ ಯೋಜನೆ. ಆದ್ರ ನೆರಳಿನಾಗ ಬಡಕಲಾಗಿ ನಿಂತ ಸಸಿನೂ ಆ ಎಣಿಕಿಗೆ ಬರತೈತಿ. ನಾಳೆ ಪ್ಲೈವುಡ್ಡಿನವ್ರು ನೋಡೂದು ಕಾಂಡದ ದಪ್ಪ. ಪ್ರೋತ್ಸಾಹಧನಕ್ಕ ಸಸಿ ಹಚ್ಚಬ್ಯಾಡ್ರಿ, ಮರಕ್ಕ ಹಚ್ಚಿರಿ.

ನೆರಳೆಲ್ಲಾ ಕೆಟ್ಟದ್ದಂತಲ್ಲ. ಅಡಿಕಿ ಸಸಿಗೆ ಮೊದಲ ವರ್ಷಗಳಾಗ ಬಾಳಿ ನೆರಳು ಬೇಕ ಬೇಕು. ಶ್ರೀಗಂಧಕ್ಕ ಎಳೇದಿದ್ದಾಗ ಅರೆ ನೆರಳು ಒಗ್ಗತೈತಿ. ಹೆಬ್ಬೇವಿಗೂ ಬಗಲಿನ ನೆರಳು ಇದ್ರ ಕೆಳಗಿನ ಟೊಂಗಿ ಒಣಗಿ ಬಿದ್ದು ಕಾಂಡ ನೆಟ್ಟಗ ಏಳತೈತಿ. ಆಗಿಬರದ್ದು ನೆತ್ತಿ ಮ್ಯಾಲಿನ ನೆರಳು. ಸಾಗವಾನಿಗೂ ಇದೇ ಮಾತು.

ಹಂಗಾದ್ರ ಏನ್ ಮಾಡೂದು?

ಖಾಲಿ ಜಾಗ ತುಂಬೂದು ಅದೇ ವರ್ಷ, ತಪ್ಪಿದ್ರ ಮುಂದಿನ ಮಳಿಗೆ ಮುಗಿಸ್ರಿ. ಆಮ್ಯಾಲ ಖಾಲಿನ ಬಿಡ್ರಿ. ಅಕ್ಕಪಕ್ಕದ ಮರ ದಪ್ಪ ಆಗತಾವು.

10 ಅಡಿಗೊಂದು ಹಚ್ಚಿದ್ರ ಎಕರೆಗೆ 435 ಸಸಿ, 15 ಅಡಿಗೊಂದು ಆದ್ರ 193. ಒತ್ತಾಗಿ ಹಚ್ಚಿದವ್ರು ನೆತ್ತಿ ಕೂಡಿದ ಮ್ಯಾಲ ನಡುನಡುವ ಕಡೀಲೇಬೇಕು. ಕಡಿದ ಬುಡ ಚಿಗರತೈತಿ ಖರೆ, ನೆರಳಿನಾಗ ಆ ಚಿಗುರೂ ಕಡ್ಡಿನ.

ಬದುವಿನಾಗ ಹಳೇ ಸಾಲಿದ್ರ ಹೊಸಾ ಸಸಿ ಅದರ ದಕ್ಷಿಣಕ್ಕ ಇಡ್ರಿ. ಡಿಸೆಂಬರಿನಾಗ ಸೂರ್ಯ ದಕ್ಷಿಣಕ್ಕ ಇರತಾನ. ನಮ್ಮ ಕಡೆ 30 ಅಡಿ ಮರದ ನೆರಳು ನಡು ಮಧ್ಯಾಹ್ನಕ್ಕ ಸುಮಾರು 23 ಅಡಿ ಉತ್ತರಕ್ಕ ಬೀಳತೈತಿ. ಜೂನಿನಾಗ ದಕ್ಷಿಣಕ್ಕ ಬೀಳೂದು ಐದಡಿನೂ ಇಲ್ಲ.

ಇದರಾಗ ಇನ್ನೊಂದು ಮಾತೈತಿ. ನಿಮ್ಮ ಉತ್ತರದ ಬದುವಿನ ಮರ ಹಿಂಗಾರಿನಾಗ ನೆರಳು ಚೆಲ್ಲೂದು ಬಗಲಿನವ್ರ ಜ್ವಾಳಕ್ಕ. ಮರ ನಿಮ್ದು, ಇಳುವರಿ ಕಮ್ಮಿ ಆಗೂದು ಅವ್ರದು. ಅಣ್ತಮ್ಮರ ಹೊಲದಾಗ ಜಗಳ ಹುಟ್ಟೂದು ಇಲ್ಲೇ. ಸಸಿ ಹಚ್ಚೂಕಿಂತ ಮೊದಲ ಇಬ್ರೂ ಬದುವಿನಾಗ ನಿಂತು ಮಾತಾಡ್ರಿ. ಸಾಲು ನಿಮ್ಮ ಹೊಲದೊಳಗ ಸರಿಸಿ ಹಚ್ಚಿರಿ, ವರ್ಷಾ ಟೊಂಗಿ ಸವರ್ರಿ.