ಫಿಜಿ, ಸಮೋವಾ, ವನುವಾಟು: ಒಂದೇ ಪಾಸ್‌ನಲ್ಲಿ ಆಗುತ್ತಾ?

‘ಮದುವೆಯಾಗಿ ಎರಡು ವರ್ಷ ಆಯ್ತು, ಹನಿಮೂನ್ ಇನ್ನೂ ಬಾಕಿ. ಇಬ್ಬರಿಗೂ ಸೇರಿಸಿ 16 ದಿನ ರಜೆ ಹೊಂದಿಸಿದ್ದೀವಿ. ಫಿಜಿ, ಸಮೋವಾ, ವನುವಾಟು ಮೂರನ್ನೂ ಅಗ್ಗದ ಏರ್ ಪಾಸ್‌ನಲ್ಲಿ ನೋಡ್ಬಹುದಾ?’ ಅಂತ ಓದುಗರೊಬ್ಬರು ಕೇಳಿದ್ದಾರೆ.

ನೋಡ್ಬಹುದು. ಆದ್ರೆ ‘ಪಾಸ್’ ಅನ್ನೋ ಹೆಸರು ಹಿಡಿದು ಹುಡುಕಿದ್ರೆ ಸಿಗೋದು ಹೆಚ್ಚಾಗಿ ಹಳೇ ಕಥೆಗಳು. ಸಮೋವಾದ ಪಾಲಿನೇಷಿಯನ್ ಏರ್‌ಲೈನ್ಸ್ ಒಂದು ಕಾಲದಲ್ಲಿ ‘ಪಾಲಿಪಾಸ್’ ಮಾರುತ್ತಿತ್ತು. ಈಗ ಆ ಹೆಸರಿನ ಕಂಪನಿಯೇ ಇಲ್ಲ. ನಿಜವಾದ ಪಾಸ್ ಬೇಕು ಅಂದ್ರೆ ಏರ್ ತಹೀತಿ ಕಡೆ ನೋಡಬೇಕು. ಮೊರೆಯಾ, ಹುವಾಹಿನೆ, ಬೋರಾ ಬೋರಾ ಥರದ ದ್ವೀಪಗಳನ್ನು ಸೇರಿಸಿ ಅದು ಪಾಸ್ ಮಾರುತ್ತೆ. ಒಂದೊಂದೇ ಟಿಕೆಟ್ ಕೊಳ್ಳೋದಕ್ಕಿಂತ ಅಗ್ಗ ಬೀಳುತ್ತೆ. ಆದ್ರೆ ಅದು ಫ್ರೆಂಚ್ ಪಾಲಿನೇಷಿಯಾದ ಒಳಗೆ ಮಾತ್ರ. ಇವರು ಕೇಳಿರೋ ಮೂರು ದೇಶಕ್ಕೆ ಅದರಿಂದ ಉಪಯೋಗ ಇಲ್ಲ.

ಹಾಗಾಗಿ ಪಾಸನ್ನು ನಾವೇ ಕಟ್ಟಿಕೊಳ್ಳಬೇಕು. ಭೂಪಟ ತೆರೆದು ನೋಡಿ, ಈ ಮೂರರ ನಡುವಿನ ಜಂಕ್ಷನ್ ಫಿಜಿಯ ನಾಡಿ. (ಬರೆಯೋದು ನಾಡಿ, ಅಲ್ಲಿಯವರು ಹೇಳೋದು ‘ನಾಂದಿ’. ನಮಗೆ ಸುಲಭ.) ಫಿಜಿ ಏರ್‌ವೇಸ್ ಸಿಂಗಪುರದಿಂದ ನಾಡಿಗೆ ನೇರ ಹಾರುತ್ತೆ. ನಾಡಿಯಿಂದ ಸಮೋವಾದ ಆಪಿಯಾಗೂ ವನುವಾಟುವಿನ ಪೋರ್ಟ್ ವಿಲಾಗೂ ವಿಮಾನ ಇದೆ.

ಉಪಾಯ ಇಷ್ಟೇ: ನಾಡಿಗೆ ಟಿಕೆಟ್ ತಗೋಬೇಡಿ, ತುದಿಯ ಊರಾದ ಆಪಿಯಾಗೆ ತಗೊಳ್ಳಿ. ವೆಬ್‌ಸೈಟಿನಲ್ಲಿ ‘ಮಲ್ಟಿ ಸಿಟಿ’ ಒತ್ತಿ, ಹೋಗುವಾಗಲೋ ಬರುವಾಗಲೋ ನಾಡಿಯಲ್ಲಿ ನಾಲ್ಕೈದು ದಿನ ಇಳಿಯೋ ಹಾಗೆ ತಾರೀಖು ಕೊಡಿ. 24 ಗಂಟೆಗಿಂತ ಹೆಚ್ಚು ಇಳಿದರೆ ಅದಕ್ಕೆ ‘ಸ್ಟಾಪ್‌ಓವರ್’ ಅಂತಾರೆ. ಅದಕ್ಕೆ ದುಡ್ಡು ಕೊಡಬೇಕಾ, ಪುಕ್ಕಟೆಯಾ ಅನ್ನೋದು ಆ ಟಿಕೆಟ್‌ನ ದರದ ನಿಯಮದಲ್ಲಿ ಬರೆದಿರುತ್ತೆ. ಇದರ ಮೊತ್ತವನ್ನು, ನಾಡಿಗೊಂದು ಮತ್ತು ಆಪಿಯಾಗೊಂದು ಬೇರೆ ಬೇರೆ ಕೊಂಡರೆ ಆಗೋ ಮೊತ್ತದ ಜೊತೆ ಹೋಲಿಸಿ. ಪೋರ್ಟ್ ವಿಲಾ ಬೇಕೇ ಬೇಕು ಅಂದ್ರೆ ನಾಡಿಯಿಂದ ಹೋಗಿಬರೋದಕ್ಕೆ ಬೇರೆ ಟಿಕೆಟ್.

ದುಡ್ಡು ಉಳಿಯೋದಾಗಲಿ ಸೋರೋದಾಗಲಿ ಹೆಚ್ಚಾಗಿ ಟಿಕೆಟ್‌ನಲ್ಲಲ್ಲ, ವೀಸಾದಲ್ಲಿ. ಭಾರತದ ಪಾಸ್‌ಪೋರ್ಟ್‌ಗೆ ಫಿಜಿ, ವನುವಾಟು ಎರಡಕ್ಕೂ ಮೊದಲೇ ವೀಸಾ ಬೇಡ, ಸಮೋವಾದಲ್ಲಿ ಇಳಿದ ಮೇಲೆ ಪರ್ಮಿಟ್ ಕೊಡ್ತಾರೆ. ಆದ್ರೆ ಸಿಡ್ನಿ ಮೇಲೆ ಹೋಗೋ ಅಗ್ಗದ ಟಿಕೆಟ್ ಕಂಡ ತಕ್ಷಣ ಒತ್ತಿಬಿಟ್ರೋ, ವಿಮಾನ ನಿಲ್ದಾಣದೊಳಗೇ ಕೂತಿದ್ರೂ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇಕು. ಅದಕ್ಕೆ ಶುಲ್ಕ ಇಲ್ಲ, ಆದ್ರೆ ಅರ್ಜಿ ಹಾಕಿ ಕಾಯಬೇಕು. ಇನ್ನು ಪೆಸಿಫಿಕ್ ಅಂದ ಕೂಡಲೇ ಎಲ್ಲರೂ ಹೇಳೋ ‘ಐಲೆಂಡ್ ಹಾಪರ್’ ಇದೆಯಲ್ಲ, ಹೊನೊಲುಲುವಿನಿಂದ ಮಜುರೊ, ಕ್ವಾಜಲೀನ್, ಕೊಸ್ರೇ, ಪೊನ್‌ಪೇ, ಚೂಕ್ ದಾಟಿ ಗ್ವಾಮ್‌ಗೆ ಹೋಗೋ ಯುನೈಟೆಡ್ ವಿಮಾನ, ಅದರ ಎರಡೂ ತುದಿ ಅಮೆರಿಕದ್ದು. ಅಮೆರಿಕ ವೀಸಾ ಕೈಯಲ್ಲಿ ಇಲ್ಲದವರು ಅದರ ಆಸೆ ಸದ್ಯಕ್ಕೆ ಬಿಡೋದೇ ಸರಿ.

ಸಿಂಗಪುರದಲ್ಲೂ ಒಂದು ಸಿಕ್ಕು ಇದೆ. ಬೆಂಗಳೂರು–ಸಿಂಗಪುರ ಒಂದು ಟಿಕೆಟ್, ಅಲ್ಲಿಂದ ಮುಂದೆ ಇನ್ನೊಂದು ಟಿಕೆಟ್ ಅಂತ ಮಾಡಿದ್ರೆ, ಬ್ಯಾಗ್ ಕೊನೇವರೆಗೆ ಹೋಗದೇ ಇರಬಹುದು. ಬ್ಯಾಗ್ ತಗೊಳ್ಳೋಕೆ ಇಮಿಗ್ರೇಷನ್ ದಾಟಬೇಕು, ದಾಟೋಕೆ ಸಿಂಗಪುರದ ವೀಸಾ ಬೇಕು. ಬೆಂಗಳೂರಿನಿಂದಲೇ ಒಂದೇ ಬುಕಿಂಗ್ ಸಿಕ್ಕರೆ ಎರಡು–ಮೂರು ಸಾವಿರ ಹೆಚ್ಚಾದ್ರೂ ಅದನ್ನೇ ತಗೊಳ್ಳಿ. ಮೊದಲ ವಿಮಾನ ತಡವಾಗಿ ಎರಡನೇದು ತಪ್ಪಿದ್ರೆ, ಒಂದೇ ಬುಕಿಂಗ್ ಆಗಿದ್ರೆ ಮುಂದಿನ ವಿಮಾನ ಹತ್ತಿಸೋದು ಅವರ ತಲೆನೋವು. ಬೇರೆ ಬೇರೆ ಆದ್ರೆ ನಿಮ್ಮದು. ದ್ವೀಪಗಳ ನಡುವೆ ದಿನಾ ವಿಮಾನ ಇರಲ್ಲ, ತಪ್ಪಿದ್ರೆ ಎರಡು–ಮೂರು ದಿನ ಕಾಯಬೇಕಾಗಬಹುದು. 16 ದಿನದಲ್ಲಿ ಮೂರು ದಿನ ಅಂದ್ರೆ ಲೆಕ್ಕ ಹಾಕಿ.

ಸಣ್ಣ ಕಂಪನಿಗಳ ಅಪಾಯನೂ ಇದೆ. 2024ರ ಮೇ ತಿಂಗಳಲ್ಲಿ ಏರ್ ವನುವಾಟು ಇದ್ದಕ್ಕಿದ್ದಂತೆ ಹಾರಾಟ ನಿಲ್ಲಿಸಿತು, ಪ್ರವಾಸಿಗರು ಅಲ್ಲಲ್ಲೇ ಸಿಕ್ಕಿಬಿದ್ದರು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ವಿಮಾನ ಸಂಸ್ಥೆ ದಿವಾಳಿಯಾದರೆ ಪರಿಹಾರ ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ತಿಂಗಳು? ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ಕಾಲ. ಡಿಸೆಂಬರ್–ಜನವರಿಯಲ್ಲಂತೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಶಾಲೆಗಳ ರಜೆ, ಮಳೆಯಲ್ಲೂ ದರ ಏರುತ್ತೆ. ಮೇ ಅಥವಾ ಅಕ್ಟೋಬರ್ ನೋಡಿ.

ತಾರೀಖಿನ ಬಗ್ಗೆ ಒಂದು ಮಾತು. ಆಪಿಯಾಗೆ ಹೋದ್ರೆ ಹಿಂದಿನ ದಿನಕ್ಕೆ ಇಳೀತೀರಿ ಅಂತ ಹಳೇ ಗೈಡ್‌ಗಳಲ್ಲಿದೆ. ಈಗ ಹಾಗಿಲ್ಲ. 2011ರ ಡಿಸೆಂಬರ್ 30ನ್ನೇ ಕ್ಯಾಲೆಂಡರ್‌ನಿಂದ ಬಿಟ್ಟು ಸಮೋವಾ ದಿನಾಂಕ ರೇಖೆಯ ಈ ಕಡೆಗೆ ಬಂದುಬಿಟ್ಟಿದೆ. ಕುಕ್ ದ್ವೀಪಗಳು ಮಾತ್ರ ಇನ್ನೂ ಆ ಕಡೆ. ಅಲ್ಲಿಗೆ ಹೋಗೋರು ಹೋಟೆಲ್ ತಾರೀಖು ಎರಡು ಸಲ ನೋಡಿ.

ಇನ್ನು ಕೇಳಿದವರಿಗೆ ನನ್ನ ಸಲಹೆ: ವನುವಾಟು ಈ ಸಲ ಬಿಡಿ. ಆಪಿಯಾದಲ್ಲಿ ಆರು ದಿನ, ಫಿಜಿಯಲ್ಲಿ ಏಳು, ಮಿಕ್ಕಿದ್ದು ಓಡಾಟಕ್ಕೆ. ಆಪಿಯಾ ಮೊದಲು, ಫಿಜಿ ಆಮೇಲೆ. ಕೊನೆಯ ಎರಡು ರಾತ್ರಿ ನಾಡಿಯಲ್ಲೇ ಇರಿ, ಸಣ್ಣಪುಟ್ಟ ಏರುಪೇರು ಆದ್ರೂ ಸಿಂಗಪುರದ ವಿಮಾನ ತಪ್ಪಲ್ಲ. ಹೊತ್ತು ಹೋಗದೆ ಕೂರಬೇಕಾಗಿಲ್ಲ. 1879ರಿಂದ ಕಬ್ಬಿನ ಗದ್ದೆಗೆ ಕೂಲಿಗೆ ಹೋದ ಭಾರತೀಯರ ಮೊಮ್ಮಕ್ಕಳು, ಮರಿಮಕ್ಕಳ ಊರು ಅದು. ಮುಖ್ಯ ರಸ್ತೆಯ ಕೊನೆಗೆ ಬಣ್ಣ ಬಣ್ಣದ ಗೋಪುರದ ಸುಬ್ರಹ್ಮಣ್ಯ ದೇವಸ್ಥಾನ ಇದೆ. ಮಾರ್ಕೆಟ್‌ನಲ್ಲಿ ಹಿಂದಿಯಲ್ಲೇ ಚೌಕಾಸಿ ಮಾಡಬಹುದು.