ಫ್ರೈಸ್ ವ್ಯಾಪಾರದ ಹಣ ಆಲೂಗಡ್ಡೆಯಲ್ಲಿಲ್ಲ: ಟೊರೊಂಟೊ ಕಡೆಯಿಂದ ಒಂದು ಲೆಕ್ಕ

ಗಲ್ಫ್‌ನಲ್ಲಿ ಕೂಡಿಟ್ಟ ದುಡ್ಡಿನಿಂದ ಊರಲ್ಲೊಂದು ಫ್ರೋಜನ್ ಫ್ರೈಸ್ ಘಟಕ ಹಾಕಿದರೆ ಹೇಗೆ? ಊರಿಗೆ ಮರಳುವ ಯೋಚನೆಯಲ್ಲಿರುವ ಹಲವರಿಗೆ ಈ ಆಸೆ ಹುಟ್ಟಿದ್ದರೆ ಅದಕ್ಕೆ ಕಾರಣವಿದೆ. 1990ರ ದಶಕದಲ್ಲಿ ಫ್ರೈಸನ್ನು ಹೊರದೇಶದಿಂದ ತರಿಸಿಕೊಳ್ಳುತ್ತಿದ್ದ ಭಾರತ, 2023-24ರಲ್ಲಿ 1,35,877 ಟನ್ ರಫ್ತು ಮಾಡಿತು. ಅದರ ಮೌಲ್ಯ ₹1,478 ಕೋಟಿಗೂ ಹೆಚ್ಚು. ಫಿಲಿಪ್ಪೀನ್ಸ್, ಥಾಯ್ಲೆಂಡ್, ಮಲೇಷ್ಯಾ ಮಾತ್ರವಲ್ಲ, ಸೌದಿ, ಯುಎಇ, ಒಮಾನ್‌ಗೂ ನಮ್ಮ ದೇಶದ ಫ್ರೈಸ್ ಬರುತ್ತಿದೆ. ನಿಮ್ಮಲ್ಲಿ ಕೆಫೆಟೇರಿಯಾ, ಕೋಲ್ಡ್ ಸ್ಟೋರ್‌ಗಳಲ್ಲಿ ಕೆಲಸ ಮಾಡುವವರು ಆ ಪೆಟ್ಟಿಗೆಗಳನ್ನು ಎತ್ತಿಯೂ ಇರಬಹುದು.

ಆದರೆ ರಫ್ತು ಏರಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ಲಾಭ ಅಂತ ಅಲ್ಲ. ಈ ವ್ಯಾಪಾರ ಎಪ್ಪತ್ತು ವರ್ಷಗಳಿಂದ ಬೇರುಬಿಟ್ಟಿರುವ ಕೆನಡಾದಲ್ಲಿ ಅದರ ಲೆಕ್ಕ ಹೇಗೆ ನಡೆಯುತ್ತದೆ ಅಂತ ಮೊದಲು ನೋಡೋಣ.

ಹತ್ತಿರದ ಹೊಲ, ದೂರದ ಫ್ರೈಸ್

ಟೊರೊಂಟೊದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಉತ್ತರಕ್ಕೆ ಹೋದರೆ ಆಲಿಸ್ಟನ್ ಎಂಬ ಊರು ಸಿಗುತ್ತದೆ. ಸುತ್ತ ಆಲೂಗಡ್ಡೆ ಹೊಲಗಳು, ವರ್ಷಕ್ಕೊಮ್ಮೆ ಆಲೂಗಡ್ಡೆ ಹಬ್ಬ. ಆದರೆ ಈ ಭಾಗದ ಬೆಳೆ ಹೆಚ್ಚಾಗಿ ಹೋಗುವುದು ಚಿಪ್ಸ್‌ಗೆ ಮತ್ತು ತರಕಾರಿ ಅಂಗಡಿಗೆ. ಕೆನಡಾದ ಫ್ರೈಸ್ ಬಹುಪಾಲು ತಯಾರಾಗುವುದು ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ಐಲೆಂಡ್, ಮ್ಯಾನಿಟೋಬಾ, ಆಲ್ಬರ್ಟಾ ಪ್ರಾಂತ್ಯಗಳಲ್ಲಿ. ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಮೈನಸ್ 18 ಡಿಗ್ರಿಯಲ್ಲಿ ಲಾರಿ, ರೈಲಿನಲ್ಲಿ ಬಂದು ಬ್ರಾಂಪ್ಟನ್, ಮಿಸಿಸಾಗಾ ಕಡೆಯ ಶೀತಲ ಗೋದಾಮುಗಳಿಗೆ ಇಳಿಯುತ್ತದೆ. ಹೊಲ ಎಲ್ಲಿ ಹತ್ತಿರವಿದೆ ಅನ್ನುವುದಕ್ಕಿಂತ ಕಾರ್ಖಾನೆ ಮತ್ತು ಒಪ್ಪಂದ ಯಾರ ಕೈಯಲ್ಲಿದೆ ಅನ್ನುವುದೇ ಇಲ್ಲಿ ಮುಖ್ಯ.

ಮೆಕೇನ್ ಕಂಪನಿ 1957ರಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಫ್ಲಾರೆನ್ಸ್‌ವಿಲ್ ಎಂಬ ಸಣ್ಣ ಊರಲ್ಲಿ ಶುರುವಾಯಿತು. ಇವತ್ತು ಅದು ಜಗತ್ತಿನ ಅತಿ ದೊಡ್ಡ ಫ್ರೈಸ್ ತಯಾರಕ, ಪ್ರಧಾನ ಕಚೇರಿ ಟೊರೊಂಟೊದಲ್ಲಿದೆ. ಅದರ ಜೊತೆಗೆ ಕ್ಯಾವೆಂಡಿಶ್, ಲ್ಯಾಂಬ್ ವೆಸ್ಟನ್, ಸಿಂಪ್ಲಾಟ್ ಸೇರಿದರೆ ಉತ್ತರ ಅಮೆರಿಕದ ಮಾರುಕಟ್ಟೆ ಹೆಚ್ಚುಕಮ್ಮಿ ಮುಗಿಯಿತು. ಈ ನಾಲ್ವರೂ ಮಾತಾಡಿಕೊಂಡು ಬೆಲೆ ಏರಿಸಿದ್ದಾರೆ ಅಂತ 2024ರ ನವೆಂಬರ್‌ನಲ್ಲಿ ಅಮೆರಿಕದ ಇಲಿನಾಯ್ ಫೆಡರಲ್ ಕೋರ್ಟಿನಲ್ಲಿ ದಾವೆಗಳು ದಾಖಲಾದವು. ಅಲ್ಲಿನ ಫ್ರೋಜನ್ ಆಲೂ ಮಾರುಕಟ್ಟೆಯ ಸುಮಾರು 97 ಶೇಕಡಾ ಇವರದೇ ಎಂಬುದು ದೂರುದಾರರ ವಾದ. ಕಂಪನಿಗಳು ಆರೋಪವನ್ನು ಅಲ್ಲಗಳೆದಿವೆ.

ಹಸಿ ಆಲೂಗಡ್ಡೆಗೆ ಬಾಗಿಲು ಮುಚ್ಚಿದಾಗ

ಯಾರ ಕೈ ಮೇಲು ಅನ್ನುವುದು 2021ರಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಪ್ರಿನ್ಸ್ ಎಡ್ವರ್ಡ್ ಐಲೆಂಡಿನ ಎರಡು ಹೊಲಗಳಲ್ಲಿ ಆಲೂಗಡ್ಡೆಯ ಗಂಟುರೋಗ ಕಂಡುಬಂತು. ನವೆಂಬರ್‌ನಲ್ಲಿ ಕೆನಡಾ ಸರ್ಕಾರವೇ ಅಲ್ಲಿಂದ ಅಮೆರಿಕಕ್ಕೆ ಹಸಿ ಆಲೂಗಡ್ಡೆ ಕಳಿಸುವುದನ್ನು ನಿಲ್ಲಿಸಿತು. ಒಳ್ಳೆಯ ಬೆಳೆ ಮಾರಾಟವಾಗದೆ ಕೋಟಿಗಟ್ಟಲೆ ಕಿಲೋ ಆಲೂಗಡ್ಡೆಯನ್ನು ರೈತರು ಹೊಲದಲ್ಲೇ ಪುಡಿಮಾಡಿ ಹಾಕಿದರು. ಅದೇ ದ್ವೀಪದ ಕಾರ್ಖಾನೆಯ ಫ್ರೈಸ್ ಮಾತ್ರ ಗಡಿ ದಾಟುತ್ತಲೇ ಇತ್ತು, ಯಾಕೆಂದರೆ ಸಂಸ್ಕರಿಸಿದ ಮಾಲಿಗೆ ಆ ತಡೆ ಇರಲಿಲ್ಲ.

ಹಾಗಂತ ದೊಡ್ಡವರಿಗೂ ಭಯ ಇಲ್ಲದಿಲ್ಲ. 2025ರ ಮಾರ್ಚ್ 4ರಂದು ಅಮೆರಿಕ ಕೆನಡಾದ ಮಾಲಿಗೆ 25 ಶೇಕಡಾ ಸುಂಕ ಹಾಕಿತು. ಮೂರೇ ದಿನದಲ್ಲಿ ಮುಕ್ತ ವ್ಯಾಪಾರ ಒಪ್ಪಂದದ ನಿಯಮ ಪಾಲಿಸುವ ಸರಕಿಗೆ ವಿನಾಯಿತಿ ಸಿಕ್ಕಿತು. ಕೆನಡಾದ ಫ್ರೈಸ್ ರಫ್ತಿನ ಬಹುಪಾಲು ಹೋಗುವುದು ಅಮೆರಿಕಕ್ಕೇ. ಆ ಒಪ್ಪಂದದ ಮರುಪರಿಶೀಲನೆಗೆ 2026ರ ಜುಲೈ ನಿಗದಿ. ಬೇಡಿಕೆ ಕುಗ್ಗಿದ್ದರಿಂದ ಲ್ಯಾಂಬ್ ವೆಸ್ಟನ್ 2024ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಕಾನೆಲ್ ಕಾರ್ಖಾನೆಯನ್ನೇ ಮುಚ್ಚಿತು. ಇಷ್ಟು ದೊಡ್ಡ ಕಂಪನಿಯ ಲೆಕ್ಕವೇ ಹೀಗೆ ಏರುಪೇರಾದರೆ ಸಣ್ಣ ಘಟಕದ ಗತಿ ಏನು?

ಹಾಸನದ ಪ್ರಶ್ನೆ

ಈಗ ನಮ್ಮ ಊರಿಗೆ ಬರೋಣ. ಭಾರತದ ಫ್ರೈಸ್ ಉದ್ಯಮ ಬೆಳೆದಿದ್ದು ಗುಜರಾತಿನ ಮೆಹ್ಸಾಣಾ, ಬನಾಸ್‌ಕಾಂಠಾ ಸುತ್ತ. ಅಲ್ಲಿ ಚಳಿಗಾಲದ ಬೆಳೆ, ತಂಪಾದ ರಾತ್ರಿ, ಕಂಪನಿಯೇ ತಳಿ ಕೊಟ್ಟು ಮೊದಲೇ ದರ ನಿಗದಿ ಮಾಡುವ ಒಪ್ಪಂದ ಕೃಷಿ. ಹಾಸನದ್ದು ಮಳೆಗಾಲದ ಬೆಳೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಬರಬೇಕು, ಮಳೆ ಜಾಸ್ತಿಯಾದರೆ ಅಂಗಮಾರಿ ರೋಗ ಬೇರೆ. ಫ್ರೈಸ್‌ಗೆ ಉದ್ದನೆಯ ದೊಡ್ಡ ಗಡ್ಡೆ ಬೇಕು, ನೀರಿನಂಶ ಕಡಿಮೆ ಇರಬೇಕು, ಸಕ್ಕರೆಯಂತೂ ತೀರಾ ಕಡಿಮೆ ಇರಬೇಕು. ಸಾಮಾನ್ಯ ಶೀತಲಗೃಹದ 2-4 ಡಿಗ್ರಿಯಲ್ಲಿಟ್ಟರೆ ಬಟಾಟೆ ಸಿಹಿಯಾಗಿ, ಕರಿದಾಗ ಕಪ್ಪಾಗುತ್ತದೆ. ಹಾಗಾಗಿ "ಹಾಸನ ಪಕ್ಕದಲ್ಲೇ ಇದೆಯಲ್ಲ, ಕೋಲ್ಡ್ ಸ್ಟೋರೇಜೂ ಇದೆಯಲ್ಲ" ಅನ್ನುವ ಲೆಕ್ಕ ನಿಲ್ಲುವುದಿಲ್ಲ.

ಮೇಲಿನ ರಫ್ತು ಅಂಕಿಯನ್ನೇ ಭಾಗಿಸಿ ನೋಡಿ: ಕಿಲೋಗೆ ಸರಾಸರಿ ₹109ರ ಹತ್ತಿರ. ಒಂದು ಕಿಲೋ ಫ್ರೈಸ್‌ಗೆ ಸುಮಾರು ಎರಡು ಕಿಲೋ ಗಡ್ಡೆ ಬೇಕು. ಎಣ್ಣೆ, ಕರೆಂಟು, ಪ್ಯಾಕಿಂಗ್, ರೀಫರ್ ಕಂಟೇನರ್, ಬ್ಯಾಂಕ್ ಬಡ್ಡಿ ಎಲ್ಲ ಇದರೊಳಗೇ ಬರಬೇಕು. ವರ್ಷಪೂರ್ತಿ ಕಾರ್ಖಾನೆ ಓಡಿದರೆ ಮಾತ್ರ ಹೊಂದುತ್ತದೆ, ಮೂರು ತಿಂಗಳು ಓಡಿ ನಿಂತರೆ ಬಡ್ಡಿ ಮಾತ್ರ ಓಡುತ್ತದೆ.

ಆದ್ದರಿಂದ ಯಾರಾದರೂ ಪಾಲುದಾರಿಕೆಗೆ ಕರೆದರೆ ನಾಲ್ಕು ಕಾಗದ ಕೇಳಿ: ಕೊಳ್ಳುವವರ ಲಿಖಿತ ಒಪ್ಪಂದ, ರೈತರ ಜೊತೆಗಿನ ತಳಿ-ದರದ ಒಪ್ಪಂದ, ವಿದ್ಯುತ್ ಮತ್ತು ಜನರೇಟರ್ ಖರ್ಚಿನ ಅಂದಾಜು, ಸಾಲದ ಜಾಮೀನಿನಲ್ಲಿ ನಿಮ್ಮ ಹೆಸರು, ಆಸ್ತಿ ಇದೆಯೋ ಇಲ್ಲವೋ ಎಂಬುದರ ಪ್ರತಿ. ಮೊದಲ ಕಾಗದ ಇಲ್ಲದಿದ್ದರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ. ಹತ್ತು-ಹದಿನೈದು ವರ್ಷ ಗಲ್ಫ್‌ನ ಗೋದಾಮು, ಅಡುಗೆಮನೆ, ಡೆಲಿವರಿ ವ್ಯಾನಿನಲ್ಲಿ ದುಡಿದವರಿಗೆ ಯಾವ ಹೋಟೆಲು ಯಾವ ಮಾಲನ್ನು ಎಷ್ಟಕ್ಕೆ ತಗೊಳ್ಳುತ್ತದೆ ಅಂತ ಚೆನ್ನಾಗಿ ಗೊತ್ತು. ಈ ಸರಪಳಿಯಲ್ಲಿ ಬೆಲೆ ಇರುವುದು ಆ ತಿಳಿವಳಿಕೆಗೆ. ಕಾರ್ಖಾನೆಗೆ ದುಡ್ಡು ಸುರಿಯುವ ಮೊದಲು, ತಯಾರಾದ ಮಾಲನ್ನು ಸಣ್ಣ ಪ್ರಮಾಣದಲ್ಲಿ ತರಿಸಿ ಮಾರುವ ವಿತರಣೆಯ ಲೆಕ್ಕ ಒಮ್ಮೆ ಹಾಕಿ ನೋಡುವುದು ಒಳ್ಳೆಯದು.