ಸುದ್ದಿಯೂ ಸಾಕ್ಷ್ಯವೂ

ಹೊಸ ಯಂತ್ರವೊಂದನ್ನು ನಿರ್ಮಿಸಿದವನಿಗೆ ಅದನ್ನು ಲೋಕಕ್ಕೆ ತಿಳಿಸುವ ಹಂಬಲ ಸಹಜ. ಅದಕ್ಕಾಗಿ ಅವನು ಪತ್ರಿಕೆಯನ್ನು ಆಶ್ರಯಿಸುತ್ತಾನೆ. ಇಂದು ತಂತ್ರಜ್ಞಾನದ ವಾರ್ತೆಗಳಿಗೆಂದೇ ನಿಯುಕ್ತರಾದ ವರದಿಗಾರರಿದ್ದಾರೆ. 'ನಮ್ಮ ಸಾಧನೆಯನ್ನು ಕುರಿತು ಬರೆಯಿರಿ' ಎಂಬ ಬಿನ್ನಹಗಳು ಅವರಿಗೆ ದಿನವೂ ಬರುತ್ತವೆ. ಅವುಗಳಲ್ಲಿ ಕಾಳಾವುದು, ಜೊಳ್ಳಾವುದು?

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿಹಾಕ್ ಬಳಿಯ ಮರಳುದಿಣ್ಣೆಗಳಲ್ಲಿ ರೈಟ್ ಸಹೋದರರು ಯಂತ್ರಚಾಲಿತ ವಿಮಾನವನ್ನು ನಾಲ್ಕು ಬಾರಿ ಹಾರಿಸಿದರು. ಅತಿ ದೀರ್ಘವಾದ ಹಾರಾಟ 59 ಸೆಕೆಂಡುಗಳದು. ತಂತಿಯ ಪ್ರಮಾದದಿಂದ ಅದು 57 ಸೆಕೆಂಡು ಎಂದು ಮನೆಗೆ ತಲಪಿತು. ಅವರ ಅಣ್ಣ ಲಾರಿನ್ ಆ ತಂತಿಯನ್ನು ಡೇಟನ್ ನಗರದ ವಾರ್ತಾಪ್ರತಿನಿಧಿಯೊಬ್ಬನಿಗೆ ತೋರಿಸಿದನು. ಐವತ್ತೇಳು ನಿಮಿಷ ಹಾರಿದ್ದರೆ ಅದು ಸುದ್ದಿಯಾಗಬಹುದಿತ್ತು ಎಂದು ಆತನು ಅದನ್ನು ತಳ್ಳಿಹಾಕಿದನು! ಮರುವರ್ಷ ಸೆಪ್ಟೆಂಬರ್ 20ರಂದು ವಿಮಾನವು ಆಕಾಶದಲ್ಲಿ ಪೂರ್ಣ ವೃತ್ತವಾಗಿ ತಿರುಗಿದುದನ್ನು ಕಣ್ಣಾರೆ ಕಂಡು, 1905ರ ಜನವರಿಯಲ್ಲಿ ಪ್ರಕಟಿಸಿದವನು ಏಮಸ್ ರೂಟ್. ಅವನದು ಜೇನುಸಾಕಣೆಯ ಪತ್ರಿಕೆ!

ನೂರು ವರ್ಷಗಳ ತರುವಾಯ ಅದೇ ದೇಶದಲ್ಲಿ ಇದಕ್ಕೆ ವ್ಯತಿರಿಕ್ತವಾದುದು ನಡೆಯಿತು. 2003ರಲ್ಲಿ ಎಲಿಜಬೆತ್ ಹೋಮ್ಸ್ ಸ್ಥಾಪಿಸಿದ ಥೆರಾನೋಸ್ ಸಂಸ್ಥೆಯು ಬೆರಳತುದಿಯ ಕೆಲವೇ ಹನಿ ರಕ್ತದಿಂದ ಅನೇಕ ಪರೀಕ್ಷೆಗಳನ್ನು ಮಾಡುವುದಾಗಿ ಸಾರಿತು. ಯಂತ್ರವನ್ನು ತೋರಿಸೆಂದರೆ ವ್ಯಾಪಾರ ರಹಸ್ಯವೆಂದಿತು. ಆದರೂ ಪತ್ರಿಕೆಗಳು ಹೊಗಳಿದವು. 2015ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಜಾನ್ ಕ್ಯಾರಿರೂ, ಒಳಗಿದ್ದವರನ್ನು ವಿಚಾರಿಸಿ ಸತ್ಯವನ್ನು ಹೊರಗೆಡಹಿದರು. ಪರೀಕ್ಷೆಗಳಲ್ಲಿ ಹೆಚ್ಚಿನವು ಬೇರೆಯವರ ಯಂತ್ರಗಳಲ್ಲಿ ನಡೆಯುತ್ತಿದ್ದವು. ಸಾವಿರಾರು ವರದಿಗಳನ್ನು ರದ್ದುಪಡಿಸಬೇಕಾಯಿತು. ಅವುಗಳನ್ನು ನಂಬಿದವರು ರೋಗಿಗಳು. 2022ರಲ್ಲಿ ಹೋಮ್ಸ್‌ಗೆ ಹೂಡಿಕೆದಾರರನ್ನು ವಂಚಿಸಿದುದಕ್ಕಾಗಿ ಸೆರೆವಾಸ ವಿಧಿಸಲಾಯಿತು.

ಒಮ್ಮೆ ಸತ್ಯಕ್ಕೆ ಬಾಗಿಲು ಮುಚ್ಚಿತು. ಇನ್ನೊಮ್ಮೆ ಸುಳ್ಳಿಗೆ ಅದು ತೆರೆಯಿತು. ಎರಡರ ಮೂಲವೂ ಒಂದೇ: ಪರೀಕ್ಷಿಸದೆ ನಿರ್ಣಯಿಸಿದುದು. ವಾರ್ತಾಪ್ರತಿನಿಧಿಗೆ ಸಂದೇಹವಿದ್ದುದು ತಪ್ಪಲ್ಲ. ಸಂದೇಹವನ್ನು ಪರಿಹರಿಸಿಕೊಳ್ಳಲು ಎದ್ದುಹೋಗದಿದ್ದುದು ತಪ್ಪು.

ಆದುದರಿಂದ ಸುದ್ದಿಯನ್ನು ಒಯ್ಯುವವನು ವಿಶೇಷಣಗಳ ಮಾಲೆಯನ್ನು ಒಯ್ಯಬಾರದು. ಯಂತ್ರವು ಏನು ಮಾಡುತ್ತದೆ, ಯಾರಿಗೆ ಉಪಯೋಗ, ಅದರ ಮಿತಿ ಏನು, ಬಂದು ಪರೀಕ್ಷಿಸುವ ಬಗೆ ಹೇಗೆ ಎಂಬುದನ್ನು ನೇರವಾಗಿ ತಿಳಿಸಬೇಕು. ತನ್ನ ಮಿತಿಯನ್ನು ತಾನೇ ಹೇಳಿಕೊಂಡವನ ಮಾತಿಗೆ ತೂಕ ಹೆಚ್ಚು. ಕೇಳುವವನಾದರೋ ಹೇಳಿದವನ ಕೀರ್ತಿಗೆ ಮಾರುಹೋಗದೆ, ಅವನ ಸಾಮಾನ್ಯತೆಯನ್ನು ಕಂಡು ಉಪೇಕ್ಷಿಸದೆ, ಸಾಕ್ಷ್ಯವನ್ನು ಅರಸಬೇಕು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅಚ್ಚಾದ ಮಾತನ್ನು ಓದುಗರು ನಂಬುತ್ತಾರೆ. ಆ ನಂಬಿಕೆಯನ್ನು ಕಾಯುವ ಹೊಣೆ ಹೇಳುವವನದೂ ಹೌದು, ಬರೆಯುವವನದೂ ಹೌದು.